ಮಹಾಕೂಟದ ಹೊಂಡದಲ್ಲಿ ಈಸಿದ್ದು

ಗುಡಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿದ್ದದ್ದು ‘ಧುಡುಂ’ ಎಂಬ ಸದ್ದು. ಅದರ ಬೆನ್ನಿಗೇ ಹುಡುಗರ ಕೇಕೆ. ಮತ್ತೆ ಇನ್ನೊಂದು ‘ಧುಡುಂ’.

ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಬೆಳಗಿನಿಂದ ಬಾದಾಮಿಯ ಗುಹೆಗಳನ್ನು ಹತ್ತಿ ಇಳಿದಿದ್ದೆ. ಅಲ್ಲಿಯ ಕೆಂಪು ಕಲ್ಲು ಹತ್ತು ಗಂಟೆಗೇ ಕಾಯಲು ಶುರುವಾಗಿ, ಎರಡರ ಹೊತ್ತಿಗೆ ಬರಿಗಾಲು ಊರಿದರೆ ಚುರುಕ್ಕೆನ್ನುತ್ತಿತ್ತು. ಅಲ್ಲಿಂದ ಮಹಾಕೂಟಕ್ಕೆ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಟಂಟಂ ಆಟೋ ಇಳಿದು ನಡೆಯುವಾಗಲೂ ಬೆನ್ನಿಗೆ ಬಿಸಿಲು ಅಂಟಿಕೊಂಡೇ ಇತ್ತು. ಮರಗಳ ನೆರಳಿನೊಳಗೆ ಕಾಲಿಟ್ಟ ಮೇಲೆ ಅದು ತಾನಾಗಿ ಬಿಟ್ಟುಹೋಯಿತು. ಮೈಗೆ ಸೋಕಿದ ಗಾಳಿಯಲ್ಲಿ ಒದ್ದೆ ಕಲ್ಲಿನ ವಾಸನೆ ಇತ್ತು. ಉತ್ತರ ಕರ್ನಾಟಕದ ಬೇಸಿಗೆಯನ್ನು ಉಂಡವರಿಗೆ ಗೊತ್ತು, ಆ ವಾಸನೆಗಿಂತ ದೊಡ್ಡ ಆಹ್ವಾನ ಬೇರೆ ಇಲ್ಲ.

ಸುತ್ತ ಗುಡಿಗಳು, ನಡುವೆ ಹೊಂಡ. ಪುಸ್ತಕಗಳಲ್ಲಿ ಇದರ ಹೆಸರು ವಿಷ್ಣು ಪುಷ್ಕರಿಣಿ. ಊರವರಿಗೆ ಅದು ಬರೀ ಹೊಂಡ. ಕಲ್ಲುಕಟ್ಟಿನ ಅಂಚು, ನೀರಿಗೆ ಇಳಿಯುವ ಮೆಟ್ಟಿಲು, ನೀರಿನ ನಡುವೆ ಒಂದು ಪುಟ್ಟ ಮಂಟಪ, ಅದರೊಳಗೆ ಪಂಚಮುಖ ಲಿಂಗ: ನಾಲ್ಕು ದಿಕ್ಕಿಗೆ ನಾಲ್ಕು ಮುಖ, ಮೇಲಕ್ಕೊಂದು. ಗುಡ್ಡದ ಬುಡದಿಂದ ಉಕ್ಕುವ ಸೆಲೆಯೊಂದು ಈ ಹೊಂಡವನ್ನೂ ಪಕ್ಕದ ಪಾಪವಿನಾಶನ ತೀರ್ಥವನ್ನೂ ತುಂಬುತ್ತದೆ. ದೊಡ್ಡ ಕೆರೆಯನ್ನು ಕಲ್ಪಿಸಿಕೊಂಡು ಬಂದವರಿಗೆ ಇದು ಚಿಕ್ಕದೆನಿಸಬಹುದು. ಚೆನ್ನಾಗಿ ಈಸುವವನಿಗೆ ಈ ದಡದಿಂದ ಆ ದಡ ಬಹಳ ದೂರವೇನಲ್ಲ. ಆದರೆ ಈ ಹೊಂಡದ ಸುಖ ಅಳತೆಯಲ್ಲಿಲ್ಲ, ನೀರಿನ ಗುಣದಲ್ಲಿದೆ.

ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟೆ. ಮೊದಲು ಪಾದ, ಆಮೇಲೆ ಹರಡು, ಆಮೇಲೆ ಮೀನಖಂಡ. ಬಿಸಿಲಿನಲ್ಲಿ ನಡೆದು ಬಂದ ಕಾಲಿನೊಳಗಿನ ಕಾವು ಒಂದೊಂದೇ ಮೆಟ್ಟಿಲು ಇಳಿದು ಹೋಗುವುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ನೀರು ಕಚ್ಚಲಿಲ್ಲ. ಫ್ರಿಜ್ಜಿನ ನೀರಿನ ತಣ್ಣನೆ ಹಲ್ಲಿಗೆ ಹೊಡೆಯುತ್ತದೆ. ಬೆಟ್ಟದ ಹೊಳೆಯ ತಣ್ಣನೆ ಉಸಿರು ಹಿಡಿಸುತ್ತದೆ. ಸೆಲೆಯ ತಣ್ಣನೆಯ ರೀತಿಯೇ ಬೇರೆ. ಜ್ವರ ಬಂದ ಮಗುವಿನ ಹಣೆಯ ಮೇಲೆ ಅಜ್ಜಿ ಕೈ ಇಟ್ಟಷ್ಟು ಹದ.

“ಇಳೀರಿ ಸರ, ಏನೂ ಆಗಂಗಿಲ್ಲ. ನೀರು ಛಲೋ ಐತಿ,” ಎಂದ ಒಬ್ಬ ಹುಡುಗ, ನೀರಿನಿಂದ ತಲೆ ಮಾತ್ರ ಹೊರಗಿಟ್ಟು. ಹೇಳಿದವನೇ ಮುಳುಗಿ ಮಾಯವಾದ. ಒಂದು, ಎರಡು, ಮೂರು ಎಂದು ನಾನು ಎಣಿಸುತ್ತಿದ್ದಂತೆ ಮಂಟಪದ ಆಚೆ ಬದಿಯಲ್ಲಿ ಎದ್ದು, ತಲೆ ಕೊಡವಿ, ಕಣ್ಣೊರೆಸಿಕೊಂಡು ನನ್ನತ್ತ ನೋಡಿದ. ಇಳಿದೆ.

ಚಳಿಗಾಲದಲ್ಲಿ ಒಮ್ಮೆ ಇಲ್ಲಿಗೆ ಬೇರೆ ದಾರಿಯಿಂದ ಬಂದಿದ್ದೆ. ಬಾದಾಮಿಯಿಂದ ಗುಡ್ಡ ಹತ್ತಿ ಇಳಿಯುವ ಹಳೆಯ ಕಾಲುದಾರಿ ಅದು. ಡಿಸೆಂಬರಿನ ಬೆಳಗು, ಕುರುಚಲು ಹುಲ್ಲಿನ ಮೇಲೆ ಇಬ್ಬನಿ. ಇಳಿಜಾರಿನ ಕೊನೆಗೆ ಕಲ್ಲಿನ ಬಾಗಿಲು, ಅದರ ಎರಡೂ ಬದಿಗೆ ಪಕ್ಕೆಲುಬು ಎದ್ದು ಕಾಣುವ ಎಲುಬುಗೂಡಿನಂಥ ಎರಡು ಆಕೃತಿಗಳು. ಅವೇ ವಾತಾಪಿ ಮತ್ತು ಇಲ್ವಲ ಎಂಬ ನಂಬಿಕೆ ಇದೆ. ಅಗಸ್ತ್ಯ ಮುನಿ ಆ ರಾಕ್ಷಸ ಸಹೋದರರನ್ನು ಮುಗಿಸಿದ ಕಥೆ ಈ ಗುಡ್ಡಗಳಿಗೆಲ್ಲ ಸೇರಿದ್ದು. ಅಂದು ಹೊಂಡಕ್ಕಿಳಿಯುವ ಮುನ್ನ ಮೈ ನಡುಗುತ್ತಿತ್ತು. ಇಳಿದ ಮೇಲೆ ಬೆರಗಾದೆ. ನೀರು ಬೆಚ್ಚಗಿತ್ತು! ಹೊರಗೆ ಬರಲು ಮನಸ್ಸಾಗದಷ್ಟು ಬೆಚ್ಚಗೆ.

ನೀರು ಮಾತ್ರ ಹೆಚ್ಚುಕಡಿಮೆ ಅದೇ. ಬದಲಾದದ್ದು ನನ್ನ ಮೈ, ನನ್ನ ಸುತ್ತಲಿನ ಗಾಳಿ. ನೆಲದಾಳದಲ್ಲಿ ಬಹುಕಾಲ ಇದ್ದು ಬರುವ ನೀರಿಗೆ ಇಂದಿನ ಬಿಸಿಲೂ ನಿನ್ನೆಯ ಚಳಿಯೂ ತಾಗುವುದಿಲ್ಲ. ಆ ಸೀಮೆಯ ಇಡೀ ವರ್ಷದ ಬಿಸಿ, ಚಳಿ, ಮಳೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ಎಷ್ಟಾಗುತ್ತದೋ ಅದರ ಹತ್ತಿರದ ಶಾಖವನ್ನು ಸೆಲೆಯ ನೀರು ಹನ್ನೆರಡು ತಿಂಗಳೂ ಹಿಡಿದುಕೊಂಡಿರುತ್ತದೆ. ಅದಕ್ಕೇ ಏಪ್ರಿಲಿನಲ್ಲಿ ತಂಪು, ಡಿಸೆಂಬರಿನಲ್ಲಿ ಬೆಚ್ಚಗೆ. ನಾವು ಋತುವಿಗೆ ತಕ್ಕಂತೆ ಮಾತು ಬದಲಿಸುತ್ತೇವೆ. ಸೆಲೆ ತನ್ನ ಮಾತಿಗೆ ನಿಂತಿರುತ್ತದೆ.

ಎದೆಮಟ್ಟದ ನೀರಿನಲ್ಲಿ ನಿಂತು ಕೆಳಗೆ ನೋಡಿದೆ. ತಳದ ಕಲ್ಲು ಕೈಗೆ ಸಿಗುವಂತೆ ಕಾಣುತ್ತಿತ್ತು. ಕೈ ಚಾಚಿದರೆ ಸಿಗಲಿಲ್ಲ. ತಿಳಿನೀರು ತನ್ನ ಆಳವನ್ನು ಕಾಲುಭಾಗದಷ್ಟು ಮುಚ್ಚಿಟ್ಟು ತೋರಿಸುತ್ತದೆ. ಬೆಳಕು ನೀರಿನಿಂದ ಗಾಳಿಗೆ ದಾಟುವಾಗ ಬಾಗುವುದರಿಂದ ನಾಲ್ಕು ಅಡಿಯ ತಳ ಮೂರಡಿಯಲ್ಲೇ ಇದ್ದಂತೆ ಕಣ್ಣಿಗೆ ತೋರುತ್ತದೆ. ಈಸು ಬರದವರು ಈ ಮಾತನ್ನು ನೆನಪಿಡಬೇಕು. ಈಸು ಬಲ್ಲವರಿಗೆ ಅದೇ ಒಂದು ಆಟ. ನನ್ನ ಕಾಲ್ಬೆರಳುಗಳು ಅಗಲವಾಗಿ, ಮೊಂಡಾಗಿ, ಯಾರದೋ ಬೆರಳುಗಳಂತೆ ಕಲ್ಲಿನ ಮೇಲೆ ಅಲುಗುತ್ತಿದ್ದವು. ಅವುಗಳ ಮೇಲೆ ಬಿಸಿಲಿನ ಬಲೆ. ಎಲೆಗಳ ನಡುವಿನಿಂದ ಸೋರಿದ ಬೆಳಕು ನೀರಿನ ಅಲೆಗೆ ಸಿಕ್ಕಿ, ಹೊಂಬಣ್ಣದ ಎಳೆಗಳಾಗಿ ಹೆಣೆದುಕೊಂಡು, ಮರುಕ್ಷಣ ಬಿಚ್ಚಿಕೊಂಡು, ಮತ್ತೆ ಹೆಣೆದುಕೊಳ್ಳುತ್ತಿತ್ತು. ಯಾವ ನೇಕಾರನೂ ಒಂದೇ ವಿನ್ಯಾಸವನ್ನು ಇಷ್ಟು ಬೇಗ ಇಷ್ಟು ಬಗೆಯಲ್ಲಿ ನೇಯಲಾರ.

ಹೊಂಡದ ಒಂದು ಗೋಡೆಯ ಹತ್ತಿರ ಈಸಿ ಹೋದಾಗ ಕಾಲಿಗೆ ಬೇರೆಯೇ ಒಂದು ತಂಪು ತಾಗಿತು. ದಾರದಷ್ಟು ಸಣ್ಣದು. ತುಸು ಸರಿದರೆ ಇಲ್ಲ, ಮತ್ತೆ ಹಿಂದಿರುಗಿದರೆ ಇದೆ. ಹೊಸದಾಗಿ ಒಳಬರುತ್ತಿದ್ದ ನೀರು ಅದು, ಇನ್ನೂ ಬಿಸಿಲು ಕಾಣದ ನೀರು. ನಾನು ಆ ಎಳೆಯನ್ನು ಪಾದದಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕೈಯಾಡಿಸುತ್ತಾ ನಿಂತೆ. ಎಷ್ಟು ವರ್ಷದ ಹಿಂದಿನ ಮಳೆಯೋ ಈಗ ನನ್ನ ಹಿಮ್ಮಡಿಯನ್ನು ಮುಟ್ಟುತ್ತಿತ್ತು.

ಮಳೆ ಎಂದರೆ ಇಲ್ಲಿ ಹೇರಳವೇನಲ್ಲ. ಮಲೆನಾಡಿನ ಮಳೆಯನ್ನು ಕಂಡವರು ಬಾದಾಮಿಯ ಮಳೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ನಂಬಿಕೆ ಇಡುವಂತಿಲ್ಲ. ಈ ಬಯಲುಸೀಮೆಯ ನಡುವೆ ಬತ್ತದ ನೀರು ಎಲ್ಲಿಂದ ಬರುತ್ತದೆ? ಉತ್ತರ ಕಣ್ಣೆದುರೇ ಇದೆ, ಅದೇ ಗುಡ್ಡ. ಗುಹೆಗಳನ್ನು ಕಡೆಯಲು ಚಾಲುಕ್ಯರ ಶಿಲ್ಪಿಗಳಿಗೆ ಒಗ್ಗಿದ ಮರಳುಗಲ್ಲೇ ಈ ನೀರಿಗೂ ಒಗ್ಗಿದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಪದರಪದರವಾಗಿ ಕೂತು ಗಟ್ಟಿಯಾದ ಮರಳು ಅದು. ಅದರ ಮೈತುಂಬ ಬಿರುಕು, ಸೀಳು. ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದಿಷ್ಟು ಹರಿದುಹೋಗುತ್ತದೆ, ಒಂದಿಷ್ಟು ಆವಿಯಾಗುತ್ತದೆ. ಉಳಿದದ್ದು ಆ ಬಿರುಕುಗಳಲ್ಲಿ ನುಸುಳಿ, ಹನಿಹನಿಯಾಗಿ ಕೆಳಗಿಳಿಯುತ್ತದೆ. ನೀರನ್ನು ಬಿಡದ ಗಟ್ಟಿ ಪದರ ಸಿಕ್ಕಲ್ಲಿ ಅಡ್ಡಕ್ಕೆ ತಿರುಗಿ, ಗುಡ್ಡದ ಬುಡದಲ್ಲಿ ಬಾಯಿ ಸಿಕ್ಕಲ್ಲಿ ಹೊರಬರುತ್ತದೆ. ನಮ್ಮವರು ಇದಕ್ಕೆ ಇಟ್ಟ ಹೆಸರುಗಳನ್ನು ನೋಡಿ: ಸೆಲೆ, ಒರತೆ, ಊಟೆ, ಬುಗ್ಗೆ, ಚಿಲುಮೆ. ಜಿನುಗಿದರೆ ಒಂದು, ಚಿಮ್ಮಿದರೆ ಇನ್ನೊಂದು, ತೋಡಿದಲ್ಲಿ ಊರಿ ಬಂದರೆ ಮತ್ತೊಂದು. ನೀರಿಗಾಗಿ ಕಾದು ಬದುಕಿದ ಜನ ನೀರು ಬರುವ ಬಗೆಯನ್ನು ಎಷ್ಟು ಹತ್ತಿರದಿಂದ ನೋಡಿರಬೇಕು!

ಬಾದಾಮಿಯ ಅಗಸ್ತ್ಯ ತೀರ್ಥವೂ ಚೆಲುವಾದದ್ದೇ. ಎರಡು ಗುಡ್ಡಗಳ ನಡುವೆ, ಭೂತನಾಥನ ಗುಡಿಯ ಬಿಂಬ ಹೊತ್ತ ಆ ಕೆರೆಯ ಚಿತ್ರ ನೋಡದ ಕನ್ನಡಿಗರು ಕಡಿಮೆ. ಆದರೆ ಅದು ಗುಡ್ಡದಿಂದ ಹರಿದಿಳಿದ ಮಳೆನೀರನ್ನು ಹಿಡಿದಿಟ್ಟುಕೊಂಡ ಕೆರೆ. ಹಸಿರು ತಿರುಗಿದ, ನಿಂತ ನೀರು. ಅದನ್ನು ದಂಡೆಯ ಮೇಲೆ ಕೂತು ನೋಡಬೇಕು. ಮಹಾಕೂಟದ ನೀರು ನೋಡುವುದಕ್ಕಿಂತ ಹೆಚ್ಚಾಗಿ ಇಳಿಯುವುದಕ್ಕಿದೆ. ಇಲ್ಲಿ ದಂಡೆಯಲ್ಲಿ ನಿಂತು, ಫೋಟೊ ತೆಗೆದು, ಗುಡಿ ಸುತ್ತಿ ಹೊರಟವರು ಕಂಡದ್ದು ಅರ್ಧ ಮಾತ್ರ ಎಂದು ನನಗೆ ಅನ್ನಿಸಿದ್ದು ಅಂಗಾತ ಮಲಗಿ ತೇಲಿದಾಗ.

ಅಂಗಾತ ಮಲಗಿದೆ. ಕಿವಿ ನೀರಿನೊಳಗೆ ಹೋದೊಡನೆ ಕೇಕೆ, ಗಂಟೆ, ಮಾತು ಎಲ್ಲವೂ ದೂರವಾಗಿ ನನ್ನ ಉಸಿರೊಂದೇ ಉಳಿಯಿತು. ಕಣ್ಣ ತುಂಬ ಆಕಾಶ. ಆಕಾಶದ ಅಂಚಿಗೆ ಎಲೆಗಳು, ಎಲೆಗಳ ಸಂದಿಯಲ್ಲಿ ಶಿಖರಗಳು. ನಿಧಾನಕ್ಕೆ ಮೈ ತಿರುಗಿದಂತೆ ಒಂದರ ಹಿಂದೆ ಒಂದು ಗುಡಿ ಕಣ್ಣೊಳಗೆ ಬಂದು ಹೋದವು. ಸಂಗಮೇಶ್ವರನ ನಾಗರ ಶಿಖರ ಬುಡದಿಂದ ಬಾಗುತ್ತಾ ಬಾಗುತ್ತಾ ಮೇಲೇರಿ ತುದಿಯಲ್ಲಿ ಕೂಡುತ್ತದೆ, ಕೈ ಮುಗಿದಂತೆ. ಮಹಾಕೂಟೇಶ್ವರ ಮತ್ತು ಮಲ್ಲಿಕಾರ್ಜುನರದು ದ್ರಾವಿಡ ರೀತಿ. ಅಂತಸ್ತಿನ ಮೇಲೆ ಅಂತಸ್ತು, ಲೆಕ್ಕವಿಟ್ಟು ಹತ್ತಿದ ಮೆಟ್ಟಿಲಿನಂತೆ. ಉತ್ತರದ ರೀತಿ, ದಕ್ಷಿಣದ ರೀತಿ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅವೆರಡೂ ಇಲ್ಲಿ ಒಂದೇ ಅಂಗಳದಲ್ಲಿ, ಒಂದೇ ನೀರಿನ ಸುತ್ತ, ನೆರೆಮನೆಯವರ ಹಾಗೆ ನಿಂತಿವೆ. ದಡದಲ್ಲಿ ನಡೆಯುವಾಗ ಬೇರೆಬೇರೆ ಗುಡಿಗಳಂತೆ ಕಂಡಿದ್ದವೇ ನೀರಿನ ನಡುವಿನಿಂದ ಒಂದೇ ಕಟ್ಟಡದ ಗೋಡೆಗಳಂತೆ ಕಂಡವು. ಹೊಂಡವೇ ಅದರ ನಡುಮನೆ.

ಆಗ ಹೊಳೆಯಿತು: ಇಲ್ಲಿ ನೀರು ಮೊದಲು, ಗುಡಿ ಆಮೇಲೆ. ಯಾವನೋ ದನಗಾಹಿ, ಯಾವಳೋ ದಾರಿಹೋಕ ತಾಯಿ, ಹೆಸರಿಲ್ಲದವರು ಯಾರೋ ಈ ಸೆಲೆಯನ್ನು ಮೊದಲು ಕಂಡಿರಬೇಕು. ಬಾಗಿ ಬೊಗಸೆಯಲ್ಲಿ ಕುಡಿದಿರಬೇಕು. ಮುಖಕ್ಕೆ ಚಿಮುಕಿಸಿಕೊಂಡು ‘ಹಾ!’ ಎಂದಿರಬೇಕು. ಆ ‘ಹಾ’ ಇಲ್ಲಿಯ ಮೊದಲ ಪೂಜೆ. ಕಲ್ಲು, ಶಿಖರ, ಶಾಸನ ಎಲ್ಲವೂ ಅದಕ್ಕೆ ಆಮೇಲೆ ಬಂದ ವ್ಯಾಖ್ಯಾನ.

ವ್ಯಾಖ್ಯಾನವಾದರೂ ಎಂಥದ್ದು! ಚಾಲುಕ್ಯ ಅರಸ ಮಂಗಲೇಶ ಇಲ್ಲಿ ನಿಲ್ಲಿಸಿದ ಕಂಬವೊಂದರ ಮೇಲೆ, ಕ್ರಿ.ಶ. 595 ಮತ್ತು 602ರ ನಡುವೆ ಎಂದು ವಿದ್ವಾಂಸರು ಗುರುತಿಸುವ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಕಲಚೂರಿಗಳನ್ನು ಗೆದ್ದು ತಂದ ಸಂಪತ್ತನ್ನು ದೇವರಿಗೆ ಒಪ್ಪಿಸಿದ್ದನ್ನು, ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಇಲ್ಲಿಯ ದೇವರು ಮಕುಟೇಶ್ವರನಾಥನಿಗೆ ಹತ್ತು ಹಳ್ಳಿಗಳನ್ನು ಬಿಟ್ಟಿದ್ದನ್ನು ಅದು ಹೇಳುತ್ತದೆ. ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಕಂಬವನ್ನು ಒಯ್ಯಬಹುದಿತ್ತು, ಒಯ್ದರು. ಸೆಲೆಯನ್ನು ಒಯ್ಯಲಾಗುವುದಿಲ್ಲ.

ನನಗೆ ಆ ಕಂಬಕ್ಕಿಂತ ಆಪ್ತವಾದದ್ದು ಮಹಾಕೂಟೇಶ್ವರನ ಗುಡಿಯ ಮುಖಮಂಟಪದ ಕನ್ನಡ ಶಾಸನ. 696ರಿಂದ 733ರವರೆಗೆ ಆಳಿದ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ಇಲ್ಲಿಗೆ ಬಂದು ಹಿರಣ್ಯಗರ್ಭ ದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟಳು. ಪಟ್ಟದ ರಾಣಿಯಲ್ಲ, ಅರಸನ ಮನಸ್ಸಿನವಳು. ಆಕೆಯ ಅಜ್ಜಿಯ ಹೆಸರು, ತಾಯಿಯ ಹೆಸರು ಕೂಡ ಆ ಕಲ್ಲಿನಲ್ಲಿ ಉಳಿದಿವೆ. ಮಾಣಿಕ್ಯ ಎಲ್ಲಿ ಹೋಯಿತೋ, ಬೆಳ್ಳಿಯ ಕೊಡೆ ಎಲ್ಲಿ ಕರಗಿತೋ! ಈ ನೀರಿಗೆ ಬಂದವಳು ಇಳಿಯದೆ ಹೋದಾಳೆಂದು ನನ್ನ ಮನಸ್ಸು ಒಪ್ಪುವುದಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಮೆಟ್ಟಿಲು ಇಳಿದು, ಮೊದಲ ತಂಪಿಗೆ ಭುಜ ಕುಗ್ಗಿಸಿ, ಆಮೇಲೆ ನಕ್ಕಿರಬೇಕು. ಅಂದು ಆಕೆಯ ಮೈಗೆ ತಾಗಿದ ತಂಪು ಇಂದು ನನಗೆ ತಾಗಿದ್ದೇ. ಅಷ್ಟು ಹಳೆಯದಾದ, ಅಷ್ಟು ಕೆಡದೆ ಉಳಿದ ಇನ್ನೊಂದು ವಸ್ತುವನ್ನು ನಾನು ಮುಟ್ಟಿದ್ದು ನೆನಪಿಲ್ಲ.

ಮೆಟ್ಟಿಲ ಹತ್ತಿರ ಒಬ್ಬ ತಂದೆ ಮಗಳಿಗೆ ಈಸು ಕಲಿಸುತ್ತಿದ್ದ. ಎಂಟೊಂಬತ್ತು ವರ್ಷದ ಹುಡುಗಿ. ಬೆನ್ನಿಗೆ ಎಣ್ಣೆಯ ಖಾಲಿ ಕ್ಯಾನು ಕಟ್ಟಿತ್ತು. ಹಿಂದೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಕ್ಯಾನು. ಕಲಿಸುವ ಮಾತು ಬದಲಾಗಿಲ್ಲ. “ಕೈ ಮುಂದ ಚಾಚು. ಕಾಲು ಬಡಿ. ಹೆದರಬ್ಯಾಡ, ನಾ ಅದೀನಿ.” ಅವನ ಅಂಗೈ ಅವಳ ಹೊಟ್ಟೆಯ ಕೆಳಗಿತ್ತು. ಅವಳು ಗದ್ದ ಮೇಲೆತ್ತಿ, ತುಟಿ ಬಿಗಿದು, ಎರಡೂ ಕಣ್ಣು ಅಗಲಿಸಿ ಕಾಲು ಬಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನು ಕ್ಯಾನು ಬಿಚ್ಚಿದ. ಮತ್ತೆ ಅಂಗೈ, ಮತ್ತೆ ಕಾಲು ಬಡಿತ. ಆಮೇಲೆ ಅವಳಿಗೆ ತಿಳಿಯದಂತೆ ಅಂಗೈ ಒಂದು ಗೇಣು ಕೆಳಗಿಳಿಯಿತು. ಅವಳು ಮುಂದೆ ಹೋದಳು. ಒಂದು ಮಾರು, ಎರಡು ಮಾರು. ಮೆಟ್ಟಿಲು ಹಿಡಿದು ತಿರುಗಿ ನೋಡಿದಾಗ ಅಪ್ಪ ಅಷ್ಟು ಹಿಂದೆ ನಿಂತಿದ್ದ. ಅವಳ ಮುಖದಲ್ಲಿ ಮೊದಲು ಭಯ ಬಂತು, ಆಮೇಲೆ ಲೆಕ್ಕ, ಆಮೇಲೆ ನಗು. ಕಟ್ಟೆಯ ಮೇಲಿದ್ದ ಗುರುತಿಲ್ಲದ ಜನರೆಲ್ಲ ಚಪ್ಪಾಳೆ ಹೊಡೆದರು. ಆ ಮಗು ಬದುಕಿನುದ್ದಕ್ಕೂ ಯಾವ ನೀರಿಗೆ ಇಳಿದರೂ ಮೊದಲು ನಂಬಿದ ನೀರು ಇದೇ ಆಗಿರುತ್ತದೆ.

ಹೊಂಡದಲ್ಲಿ ಎಲ್ಲ ಬಗೆಯವರೂ ಇದ್ದರು. ಮೂಗು ಹಿಡಿದು ಮೂರು ಮುಳುಗು ಹಾಕಿ, ಕೈ ಮುಗಿದು ಮೇಲೆದ್ದ ಮುದುಕರು. ಸೀರೆಯುಟ್ಟೇ ಕುತ್ತಿಗೆವರೆಗೆ ಇಳಿದು, ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಿದ್ದ ಹೆಂಗಸರು. ಕಟ್ಟೆಯ ಮೇಲಿಂದ ಓಡಿ ಬಂದು, ಮೊಣಕಾಲು ಎದೆಗವಚಿಕೊಂಡು ಜಿಗಿಯುವ ಹುಡುಗರು. ಒಬ್ಬರದು ಸ್ನಾನ, ಒಬ್ಬರದು ಆಟ. ನೀರು ಅವೆರಡನ್ನು ಬೇರೆ ಮಾಡಲಿಲ್ಲ. ದಕ್ಷಿಣ ಕಾಶಿ ಎಂದು ಈ ಜಾಗವನ್ನು ಕರೆಯುವವರ ಭಕ್ತಿಗೂ, ಪಾಪ ಪುಣ್ಯದ ಯೋಚನೆಯಿಲ್ಲದೆ ಜಿಗಿಯುವ ಹುಡುಗನ ಹುರುಪಿಗೂ ಅದು ಒಂದೇ ತಂಪನ್ನು ಕೊಟ್ಟಿತು. ಮೇಲೆದ್ದು ಬಂದವರ ಮುಖಗಳನ್ನು ನೋಡಿದರೆ ಯಾರು ಯಾವುದಕ್ಕೆ ಇಳಿದಿದ್ದರು ಎಂದು ಹೇಳಲು ಬರುತ್ತಿರಲಿಲ್ಲ. ಎಲ್ಲವೂ ತೊಳೆದಿಟ್ಟ ಮುಖಗಳು.

ಇಂಥ ನೀರಿಗೆ ನಾವು ಕೊಡಬೇಕಾದದ್ದು ಬಹಳ ಕಡಿಮೆ. ಶಾಂಪೂವಿನ ಪುಡಿಕೆ, ಸೋಪಿನ ನೊರೆ, ಹಳೆಯ ಬಟ್ಟೆಗಳನ್ನು ಇದಕ್ಕೆ ಬಿಡದೆ ಇದ್ದರಾಯಿತು. ಜೊತೆಗೆ ಮೇಲಿನ ಗುಡ್ಡವನ್ನು ಗುಡ್ಡವಾಗಿಯೇ ಇರಗೊಡಬೇಕು. ಸೆಲೆಯ ಬಾಯಿ ಇಲ್ಲಿದ್ದರೂ ಅದರ ತಾಯಿಬೇರು ಆ ನೆತ್ತಿಯ ಕಲ್ಲು, ಹುಲ್ಲು, ಕುರುಚಲಿನಲ್ಲಿದೆ. ಅಲ್ಲಿ ಮಳೆ ಇಂಗಿದರೆ ಇಲ್ಲಿ ನಮ್ಮ ಮೊಮ್ಮಕ್ಕಳು ಈಸಾಡುತ್ತಾರೆ.

ಈಸಿ ಎದ್ದ ಹಸಿವಿಗೆ ಬೇರೆಯೇ ರುಚಿ. ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರ ಮುಂದೆ ಕೂತೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಪುಟ್ಟ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು. ಬೆರಳಿನ ತುದಿಗಳು ನೀರಿನಲ್ಲಿ ನೆನೆದು ನಿರಿಗೆಗಟ್ಟಿದ್ದವು. ಆ ಬೆರಳಿಗೆ ರೊಟ್ಟಿಯ ಒರಟು ಹೊಸದಾಗಿ ತಿಳಿಯಿತು. ಖಾರ ನಾಲಿಗೆಗೆ ಏರಿದಂತೆ ಮೈಯ ತಂಪು ಇನ್ನೂ ಉಳಿದಿರುವುದು ಅರಿವಾಯಿತು. “ಇನ್ನೊಂದು ರೊಟ್ಟಿ ತಗೋ ಯಪ್ಪಾ, ನೀರಿಗಿಳಿದು ಬಂದೀದಿ,” ಎಂದು ಅಜ್ಜಿ ಕೇಳದೆಯೇ ಹಾಕಿದರು.

ಸಂಜೆಯಾಯಿತು. ಹುಡುಗರು ಒದ್ದೆ ಚಡ್ಡಿ ಹಿಂಡಿಕೊಂಡು ಹೊರಟರು. ಅವರ ಒದ್ದೆ ಹೆಜ್ಜೆಗಳು ಕಾದ ಹಾಸುಗಲ್ಲಿನ ಮೇಲೆ ಹಿಮ್ಮಡಿಯಿಂದ ಶುರುವಾಗಿ ಬೆರಳಿನವರೆಗೆ ಒಂದೊಂದಾಗಿ ಆರಿದವು. ಆಟೋಗಳು ಹೋದವು. ಗುಡಿಯ ಗಂಟೆಯ ಕೊನೆಯ ಗುಂಯ್ ಕೂಡ ಅಡಗಿತು. ಹೊಂಡದ ಮೈ ನಿಧಾನಕ್ಕೆ ನಯವಾಗಿ, ಸಂಗಮೇಶ್ವರನ ಶಿಖರ ಅದರೊಳಗೆ ತಲೆಕೆಳಗಾಗಿ ನಿಂತಿತು.

ಆಗ ಒಂದು ಸಣ್ಣ ಸದ್ದು ಕೇಳಿಸಿತು. ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಸದ್ದು. ಮಧ್ಯಾಹ್ನದುದ್ದಕ್ಕೂ, ನಾನು ಈಸುವಾಗ, ಆ ಮಗು ಕಲಿಯುವಾಗ, ಕಟ್ಟೆಯವರು ಚಪ್ಪಾಳೆ ಹೊಡೆಯುವಾಗಲೂ ಅದು ಇದ್ದೇ ಇತ್ತು. ನಮ್ಮ ಗದ್ದಲದಲ್ಲಿ ಕೇಳಿರಲಿಲ್ಲ. ಗುಡ್ಡದಿಂದ ಎಷ್ಟು ಬಂತೋ ಅಷ್ಟನ್ನು ಹೊಂಡ ಮುಂದಕ್ಕೆ ಕೊಡುತ್ತಿತ್ತು. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕತ್ತಲಾಗುವವರೆಗೆ ಅದನ್ನೇ ಕೇಳುತ್ತಾ ಕೂತೆ.